ಹಾವಿನ ಹೊಟ್ಟೆಯ ಗುಳ್ಳೆಗಳು

ಬೋಗುಣಿಯ ಉಗುರುಬೆಚ್ಚಗಿನ ನೀರಿಗೆ ಕಂದು ಔಷಧಿಯನ್ನು ಹನಿಹನಿಯಾಗಿ ಬಿಡುತ್ತಿದ್ದೆ. ಬಣ್ಣ ಹಾಲು ಬೆರೆಸದ ತಿಳಿ ಚಹಾದಷ್ಟಾಗಬೇಕು. ಅದಕ್ಕಿಂತ ಗಾಢವಾದರೆ ಚರ್ಮ ಸುಡುತ್ತದೆ. ಸರಿಯಾದ ಬಣ್ಣ ಬಂದ ಮೇಲೆ ಹಾವನ್ನು ಎರಡೂ ಕೈಗಳಲ್ಲಿ ಎತ್ತಿ, ತಲೆ ಮಾತ್ರ ಮೇಲಿರುವಂತೆ ನೀರಿಗೆ ಇಳಿಸಿದೆ. ಕಾಲು ಗಂಟೆ ಕಳೆದ ಮೇಲೆ ಹಳೆಯ ಪಂಚೆಯ ತುಂಡಿನಿಂದ ಹೊಟ್ಟೆಯ ಒಂದೊಂದು ಹುರುಪೆಯ ಸಂದನ್ನೂ ಒರೆಸಿ ಒಣಗಿಸಬೇಕಿತ್ತು.

ಮೊದಲು ಅಲ್ಲಿ ಸಾಸಿವೆ ಗಾತ್ರದ ಮೂರು ಗುಳ್ಳೆಗಳಿದ್ದವು. ಆ ಬೆಳಗ್ಗೆ ಎಣಿಸಿದರೆ ಹನ್ನೊಂದು. ಎರಡು ಒಡೆದು ಕೆಂಪಗಾಗಿದ್ದವು.

"ಒಳ್ಳೇದಕ್ಕೆ ಸ್ನಾನ ಆಯ್ತೇನಮ್ಮಾ?" ಅಡುಗೆಮನೆಯಿಂದ ಅತ್ತೆ ಕಾವೇರಮ್ಮನವರು ಕೇಳಿದರು. ಹಾವು ಎಂಬ ಶಬ್ದವನ್ನು ಅವರು ಬಾಯಲ್ಲಿ ಆಡುತ್ತಿರಲಿಲ್ಲ.

"ಆಯ್ತು ಅತ್ತೆ. ನೀವೂ ಒಂದ್ಸಲ ಬಂದು ನೋಡಿ."

"ಅಯ್ಯಪ್ಪ, ನಾನೊಲ್ಲೆ. ಪರದೇಶದ್ದು ಬೇರೆ. ಕೈ ಮುಗಿದ್ರೆ ಅದಕ್ಕೆ ಅರ್ಥ ಆಗುತ್ತೋ ಇಲ್ವೋ!"

ನಾನು ಕೆಲಸ ಮಾಡುತ್ತಿದ್ದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಹಾವು ಅದು. ವಿಷವಿಲ್ಲದ್ದು, ಮೂರಡಿ ಉದ್ದ, ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುವ ಸಾಧು. ವಿಭಾಗ ಮುಚ್ಚಿದಾಗ ಯಾರಿಗೂ ಬೇಡವಾದ ಅದನ್ನು ನಾನೇ ಗಾಜಿನ ಪೆಟ್ಟಿಗೆಯ ಸಮೇತ ಮನೆಗೆ ತಂದಿದ್ದೆ. ಆಗ ನನ್ನ ಮೂರನೆಯ ಬಸಿರು ಇಳಿದುಹೋಗಿ ಎರಡು ವಾರವಾಗಿತ್ತು. ಆ ಸಲ ರಕ್ತ ನಿಲ್ಲದೆ ಆಸ್ಪತ್ರೆಯಲ್ಲಿ ಆರು ದಿನ ಇದ್ದೆ. "ಇನ್ನೊಂದೇ ಒಂದು ಸಲ ನೋಡೋಣ" ಎಂದು ಗಂಡ ಶ್ರೀಕರ ಹೇಳಿದ್ದ. ಅತ್ತೆ ಏನೂ ಹೇಳಿರಲಿಲ್ಲ. ಆ ಮೌನದಲ್ಲೂ ಅದೇ ಮಾತಿದೆ ಎಂದು ನಾನು ತಿಳಿದುಕೊಂಡಿದ್ದೆ. ಹಾವು ಮಾತ್ರ ನನ್ನಿಂದ ಏನನ್ನೂ ಬಯಸುತ್ತಿರಲಿಲ್ಲ. ಬಿಸುಪಿಗಾಗಿ ಮಡಿಲಲ್ಲಿ ಬಂದು ಮಲಗುತ್ತಿತ್ತು, ಅಷ್ಟೆ. ಅದೂ ನನ್ನ ಕೈಯಲ್ಲೇ ಸತ್ತರೆ ಎಂಬ ಯೋಚನೆ ನನ್ನನ್ನು ಬಿಡುತ್ತಿರಲಿಲ್ಲ.

ಅಂದು ಅದನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಪಶುವೈದ್ಯ ಖಾದರ್ ಅವರಲ್ಲಿಗೆ ಹೋದೆ.

"ದನ ಎಮ್ಮೆ ನೋಡೋನು ನಾನು, ಮೇಡಂ," ಎಂದು ನಕ್ಕರು. ಆದರೆ ಹೊಟ್ಟೆ ತಿರುಗಿಸಿ ನೋಡಿದವರ ನಗು ನಿಂತಿತು. "ನಿಮ್ಮ ಔಷಧಿ ಸರಿಯಾಗೇ ಇದೆ. ಆದ್ರೆ ಇದು ಎಲ್ಲೋ ಒದ್ದೇಲಿ ಮಲಗ್ತಿದೆ. ದನದ ಗೊರಸಾದ್ರೂ ಅಷ್ಟೆ, ಇದರ ಹೊಟ್ಟೆಯಾದ್ರೂ ಅಷ್ಟೆ, ಒದ್ದೇಲಿದ್ರೆ ಕೊಳೆಯುತ್ತೆ. ಇನ್ನೊಂದು ವಾರ ಹೀಗೇ ಆದ್ರೆ ನಂಜು ರಕ್ತಕ್ಕೆ ಇಳಿಯುತ್ತೆ. ಆಮೇಲೆ ನನ್ನ ಕೈಲೂ ಇಲ್ಲ, ನಿಮ್ಮ ಕೈಲೂ ಇಲ್ಲ."

ಒದ್ದೆ ಎಲ್ಲಿಂದ ಬರಬೇಕು? ನೀರಿನ ಬಟ್ಟಲನ್ನು ಚಿಕ್ಕದು ಮಾಡಿದ್ದೆ. ದಿನವೂ ಒಣ ಪತ್ರಿಕೆ ಹಾಸುತ್ತಿದ್ದೆ. ಹಾಗೆ ಯೋಚಿಸುವಾಗಲೇ ಒಂದು ಸಂಗತಿ ಹೊಳೆಯಿತು. ಬೆಳಗ್ಗೆ ನಾನು ಹಾಸಿದ ಹಾಳೆಯೇ ಬೇರೆ, ಸಂಜೆ ಕಾಣುತ್ತಿದ್ದ ಹಾಳೆಯೇ ಬೇರೆ. ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತಿದ್ದವನು ಶ್ರೀಕರ.

"ನೀರು ಚೆಲ್ಲಿ, ಕಾಗದ ಬದಲಾಯಿಸಿ, ಸುಮ್ಮನಿದ್ದೀಯಲ್ಲ? ಹೇಳೋಕೇನಾಗಿತ್ತು?" ಎಂದು ಅವನನ್ನು ತರಾಟೆಗೆ ತೆಗೆದುಕೊಂಡೆ.

"ಆ ಪೆಟ್ಟಿಗೆ ಹತ್ರ ನಾನು ಸುಳಿದೇ ಇಲ್ಲ ಕಣೇ. ನನ್ನ ಮೈಗೆ ಎಷ್ಟು ಗುಳ್ಳೆ ಎದ್ರೂ ಒಂದಿನ ಕೇಳಿದವಳಲ್ಲ ನೀನು!"

ಅವನು ತಮಾಷೆಗೆ ಅಂದದ್ದು. ನಾನು ಎರಡು ದಿನ ಮಾತು ಬಿಟ್ಟೆ.

ಮೂರನೆಯ ದಿನ ಕಾಲೇಜಿನಲ್ಲಿ ಕುಳಿತಿರಲಾಗದೆ ಹನ್ನೊಂದಕ್ಕೇ ಮನೆಗೆ ಬಂದೆ. ಬಾಗಿಲು ಓರೆಯಾಗಿತ್ತು. ಹಿಂದಿನ ಕೋಣೆಯಿಂದ ಅತ್ತೆಯ ಧ್ವನಿ ಕೇಳಿಸಿತು. ಚಪ್ಪಲಿ ಬಿಟ್ಟು ಸದ್ದಿಲ್ಲದೆ ಹೋಗಿ ನೋಡಿದರೆ, ಹಾವಿನ ನೆರಳಿಗೂ ಬಾರದ ಅತ್ತೆ ಪೆಟ್ಟಿಗೆಯ ಮುಚ್ಚಳ ತೆಗೆದು ಅದರ ಮುಂದೆ ಕುಳಿತಿದ್ದರು. ಕೈಯಲ್ಲಿ ಬೆಳ್ಳಿಯ ಉದ್ಧರಣೆ. ಅರಿಶಿನ ಕದಡಿದ ಹಾಲು ಆ ಪುಟ್ಟ ಸೌಟಿನಿಂದ ಹಾವಿನ ಬೆನ್ನ ಮೇಲೆ ಬಿದ್ದು, ಪಕ್ಕೆಗಳಿಂದಿಳಿದು, ಹೊಟ್ಟೆಯ ಕೆಳಗೆ ಸೇರುತ್ತಿತ್ತು. ಚಹಾಬಣ್ಣದ ನೀರಿನಲ್ಲಿ ನಾನು ದಿನವೂ ತೊಳೆಯುತ್ತಿದ್ದುದು ಇದನ್ನೇ.

"ಇವತ್ತಿಗೆ ಮೂವತ್ತಾರು ದಿನ ಆಯ್ತಪ್ಪ," ಎನ್ನುತ್ತಿದ್ದರು. "ಇನ್ನು ಹನ್ನೆರಡು ದಿನ. ತಪ್ಪಿಸಲ್ಲ."

ಮುಂದಿನ ಮಾತು ನನಗೆ ಗೊತ್ತಿತ್ತು. ಮೊಮ್ಮಗು. ಕೋಪದಿಂದ ಕಿವಿ ಬಿಸಿಯಾಯಿತು.

"ಮೊಮ್ಮಗು ಕೇಳ್ತಿಲ್ಲ ನಾನು. ಆ ಹುಡುಗಿ ಹೊಟ್ಟೇಲಿ ಇನ್ನೊಂದು ನಿಲ್ಲದ ಹಾಗೆ ನೋಡ್ಕೊ. ಆವತ್ತು ಬಚ್ಚಲಲ್ಲಿ ರಕ್ತ ತೊಳೆದವಳು ನಾನು. ಇನ್ನೊಂದು ಸಲ ಆದ್ರೆ ಅವಳು ಉಳಿಯಲ್ಲ. ಮಗನಿಗೆ ಹೇಳೋಕೆ ಬಾಯಿ ಬರಲ್ಲ, ಅವನಿಗೆ ಅಷ್ಟು ಆಸೆ. ಅವಳಿಗೆ ಹೇಳಿದ್ರೆ ಏನಂದ್ಕೋತಾಳೋ. ಅದಕ್ಕೇ ನಿನಗೆ ಹೇಳ್ತಿದ್ದೀನಿ."

ಆಮೇಲೆ ಅದರ ಬೆನ್ನನ್ನು ಸೆರಗಿನಲ್ಲಿ ಒತ್ತಿ, ನೆನೆದ ಹಾಳೆಯನ್ನು ಎಳೆದು, ಹೊಸದನ್ನು ತುರುಕಿದರು. ಹೊಟ್ಟೆ ಒರೆಸಬೇಕೆಂಬುದು ಅವರಿಗೆ ತಿಳಿಯದು. ತಿಳಿದರೂ ಅದನ್ನು ಎತ್ತುವ ಧೈರ್ಯವಿರಲಿಲ್ಲ.

ನಾನು ಹಿಂದೆ ಸರಿದೆ. ಈ ಹುಣ್ಣು ನಿಮ್ಮ ಹಾಲಿನಿಂದ ಆದದ್ದು ಎಂದರೆ ಏನಾಗುತ್ತಿತ್ತು? ನಾಗನಿಗೆ ತನ್ನ ಕೈಯಾರೆ ಗಾಯ ಮಾಡಿದೆನೆಂದು ಆ ಜೀವ ಮತ್ತೆ ಒಂದು ತುತ್ತು ಅನ್ನ ನೆಮ್ಮದಿಯಿಂದ ಉಣ್ಣುತ್ತಿರಲಿಲ್ಲ. ಹೇಳದಿದ್ದರೆ, ಹನ್ನೆರಡು ದಿನ ಕಾಯುವಷ್ಟು ಆಯುಸ್ಸು ಹಾವಿಗಿರಲಿಲ್ಲ.

ಗೇಟಿನವರೆಗೆ ಹೋಗಿ, ಅಗುಳಿ ಸದ್ದು ಮಾಡಿ, ಮತ್ತೆ ಬಂದೆ.

"ಏನಮ್ಮಾ, ಇಷ್ಟು ಬೇಗ?" ಅತ್ತೆ ಹಜಾರಕ್ಕೆ ಬಂದಿದ್ದರು. ಬೆರಳ ತುದಿಯಲ್ಲಿ ಅರಿಶಿನ.

"ತಲೆನೋವು ಅತ್ತೆ."

"ಆಗದೆ ಏನು? ಗಂಡನ ಹತ್ರ ಮಾತು ಬಿಟ್ಟು ಎರಡು ದಿನ ಆಯ್ತು. ಬಾ, ಕೂತ್ಕೊ ಇಲ್ಲಿ."

ಹರಳೆಣ್ಣೆಯ ಗಿಂಡಿ ತಂದು ನನ್ನ ಹಿಂದೆ ಮಣೆ ಹಾಕಿ ಕುಳಿತರು. ನನ್ನ ಜಡೆ ಬಿಚ್ಚಿದರು. ಹಾವನ್ನು ಆ ಸಂಜೆಯೇ ಖಾದರ್ ಅವರ ಆಸ್ಪತ್ರೆಗೆ ಒಯ್ದು ಬಿಡುವುದು, ಡಾಕ್ಟರೇ ಇಟ್ಟುಕೊಂಡರು ಎಂದು ಮನೆಯಲ್ಲಿ ಹೇಳುವುದು, ಮತ್ತೆ ತರದಿರುವುದು ಎಂದು ನಿರ್ಧರಿಸಿದೆ. ಅತ್ತೆ ಬೇಡಿದ್ದನ್ನು ನಡೆಸಿಕೊಡುವುದು ಇನ್ನು ನನ್ನ ಕೆಲಸ. ನಾಲ್ಕನೆಯ ಸಲ ಎಂಬುದು ಇರುವುದಿಲ್ಲ. ಅದಕ್ಕೆ ನಾನು ಶ್ರೀಕರನಿಗೆ ಏನು ಕಾರಣ ಕೊಟ್ಟರೂ ಅತ್ತೆಯ ಹೆಸರು ಅದರಲ್ಲಿ ಬರಕೂಡದು.

"ಎಷ್ಟು ಕಾದಿದೆ ನೆತ್ತಿ!" ಎಂದರು ಅತ್ತೆ. ತಣ್ಣನೆಯ ಎಣ್ಣೆ ಬೈತಲೆಯಿಂದ ಇಳಿದು ಹಣೆಗೆ ಬಂತು. ಕಣ್ಣಿಗೆ ಹೋಗದಂತೆ ಅವರು ಅಂಗೈ ಅಡ್ಡ ಹಿಡಿದರು.