ಅಳಿಸಿಹೋದ ಹಳದಿ

ಅಡುಗೆಮನೆಯಲ್ಲಿ ಅವಳು ಉಪ್ಪಿನ ಡಬ್ಬಿಗೂ ಚೀಟಿ ಅಂಟಿಸುವವಳು. "ನನ್ನ ಬೆನ್ನಿಗೂ ಒಂದು ಅಂಟಿಸಿಬಿಡು ತಾಯಿ, ಯಾರ ಅತ್ತೆ ಅಂತ ಮರೆತುಹೋದೀತು," ಎಂದು ಅತ್ತೆ ರೇಗಿಸುತ್ತಿದ್ದರು. ಕೆಲಸದ ಕಡೆಯೂ ಅವಳನ್ನು ಹಿಂದಿನಿಂದ 'ಚೀಟಿ ಮೇಡಂ' ಎನ್ನುತ್ತಿದ್ದರು. ಆ ಹೆಸರು ಅವಳಿಗೆ ಒಳಗೊಳಗೇ ಇಷ್ಟವಾಗಿತ್ತು.

ಶಾಲೆ ಶಾಲೆಗೆ ಹೋಗಿ ಮಕ್ಕಳ ಕಿವಿ ಪರೀಕ್ಷಿಸುವ ಸಂಶೋಧನೆ ಅವಳದು. ಯಾವ ಮಗುವಿಗೆ ಎಷ್ಟು ಮೆಲ್ಲಗಿನ ಸದ್ದು ಕೇಳಿಸುತ್ತದೆ ಎಂಬ ಅಂಕಿಗಳೆಲ್ಲ ಅವಳ ಕಂಪ್ಯೂಟರಿನಲ್ಲಿದ್ದವು. ಬೇರೆ ಊರಿನ ಒಬ್ಬ ಹುಡುಗಿ, ಈಗಷ್ಟೇ ಸಂಶೋಧನೆಗೆ ಕಾಲಿಟ್ಟವಳು, ಆ ಅಂಕಿಗಳನ್ನು ಕೇಳಿದಾಗ ಅವಳು ಮರುಮಾತಾಡದೆ ಕಳಿಸಿಕೊಟ್ಟಿದ್ದಳು. ನಿಧಿ ಕಾಯುವ ಹಾವಿನ ಹಾಗೆ ಅಂಕಿಗಳ ಮೇಲೆ ಕೂತಿರುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ.

ಸಂಜೆ ಒಣಗಿದ ಬಟ್ಟೆ ಮಡಚುತ್ತಿದ್ದಾಗ ಆ ಹುಡುಗಿಯ ಫೋನ್ ಬಂತು.

"ಮೇಡಂ, ನಾಳೆ ಸಭೇಲಿ ನನ್ನ ಪ್ರಬಂಧ. ಮೊದಲ ಹಾಳೇಲೇ ನಿಮ್ಮ ಹೆಸರಿದೆ. ಕಾರ್ಖಾನೆ ಪಕ್ಕದ ಶಾಲೆ ಇದೆಯಲ್ಲ, ಅಲ್ಲಿ ಅರ್ಧಕ್ಕರ್ಧ ಮಕ್ಕಳಿಗೆ ಕಿವಿ ಮಂದ. ಯಂತ್ರದ ಸದ್ದೇ ಕಾರಣ ಅಂತ ಗಟ್ಟಿಯಾಗಿ ಹೇಳ್ತಿದೀನಿ."

ಅವಳಿಗೆ ತಟ್ಟನೆ ನೆನಪಾಯಿತು. ಆ ಶಾಲೆಗೆ ಹೋದಾಗ ಅಲ್ಲಿ ಮನೆಮನೆಗೂ ನೆಗಡಿ. ಮೂಗು ಕಟ್ಟಿ ಕಿವಿಯೂ ಕಟ್ಟಿದ ಮಕ್ಕಳ ಅಂಕಿಗಳಿಗೆ ಅವಳು ಹಳದಿ ಬಣ್ಣ ಬಳಿದಿದ್ದಳು. ಹಳದಿ ಎಂದರೆ ಇವು ಲೆಕ್ಕಕ್ಕಿಲ್ಲ. ತನ್ನ ಬರಹದಲ್ಲಿ ಅವನ್ನು ಬಿಟ್ಟೂ ಇದ್ದಳು. ಆದರೆ ಕಳಿಸುವಾಗ, ಯಾರ ಕಂಪ್ಯೂಟರಿನಲ್ಲಾದರೂ ತೆರೆಯಲಿ ಎಂದು, ಬರೀ ಅಂಕಿಗಳಷ್ಟೇ ಉಳಿಯುವ ಸಾದಾ ಫೈಲಾಗಿ ಬದಲಾಯಿಸಿದ್ದಳು. ಸಾದಾ ಫೈಲಿನಲ್ಲಿ ಬಣ್ಣ ನಿಲ್ಲುವುದಿಲ್ಲ.

"ಒಳ್ಳೇದಮ್ಮ," ಎಂದುಬಿಟ್ಟಳು. ಫೋನ್ ಇಟ್ಟಳು.

ಕಳಿಸಿದ ಫೈಲನ್ನು ತೆರೆದು ನೋಡಿದಳು. ಒಗೆದು ಹಿಂಡಿದ ಬಟ್ಟೆಯಂತೆ ಎಲ್ಲವೂ ಬೆಳ್ಳಗಿತ್ತು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಮನಸ್ಸು ಒಮ್ಮೆ ಅಂದಿತು. ಹಾಗೆ ಅಂದದ್ದಕ್ಕೇ ಅವಳ ಕಿವಿ ಬಿಸಿಯಾಯಿತು.

"ಮುಖ ಯಾಕೆ ಹಾಗಾಗಿದೆ?" ಎಂದರು ಅತ್ತೆ.

"ಚೀಟಿ ಅಂಟಿಸದೆ ಇನ್ನೊಬ್ಬರ ಮನೆಗೆ ಡಬ್ಬಿ ಕೊಟ್ಟೆ ಅತ್ತೆ."

"ಉಪ್ಪೋ, ಸಕ್ಕರೆಯೋ?"

"ಉಪ್ಪು. ಅವರು ಸಕ್ಕರೆ ಅಂದ್ಕೊಂಡಿದಾರೆ."

"ನೀನಾ?" ಅತ್ತೆಗೆ ನಗು ಬಂತು. ಸೊಸೆಯ ಕಣ್ಣು ನೋಡಿ ನುಂಗಿಕೊಂಡರು. "ಇನ್ನೂ ಬಾಯಿಗೆ ಹಾಕಿಲ್ಲ ತಾನೆ? ಹೇಳಿಬಿಡು."

ಅವಳು ಫೋನ್ ಮಾಡಿದಳು. ತಡವರಿಸುತ್ತ ಹೇಳಿ ಮುಗಿಸಿದಳು.

"ಹಳದಿ ಅಂದ್ರೆ ನೆಗಡಿ ಅಂತ ಎಲ್ಲಾದ್ರೂ ಬರೆದಿದ್ರಾ?" ಎಂದಳು ಹುಡುಗಿ.

"ಇಲ್ಲಮ್ಮ. ನನಗೆ ಗೊತ್ತಿತ್ತಲ್ಲ, ಅದಕ್ಕೇ..." ತನ್ನ ಮಾತು ತನಗೇ ಕೇಳಿಸಿ ಅವಳು ನಿಲ್ಲಿಸಿದಳು.

"ಆಗ ನಾನು ಫೋನ್ ಮಾಡಿದಾಗಲೇ ನಿಮಗೆ ಹೊಳೆದಿತ್ತಾ?"

ಇಲ್ಲ ಎನ್ನುವುದು ಎಷ್ಟು ಸುಲಭವಾಗಿತ್ತು.

"ಹೊಳೆದಿತ್ತು."

"ಆದ್ರೂ 'ಒಳ್ಳೇದಮ್ಮ' ಅಂದ್ರಿ."

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. "ಸರಿಯಾದದ್ದು ಕಳಿಸಿ, ನಾಳೆ ಏನು ಮಾಡೋದು ನೋಡ್ತೀನಿ," ಎಂದು ಹುಡುಗಿ ಫೋನ್ ಇಟ್ಟಳು.

ಅರ್ಧ ಮಡಚಿದ ಬಟ್ಟೆಗಳನ್ನು ಅತ್ತೆ ತಮ್ಮತ್ತ ಎಳೆದುಕೊಂಡರು. ಅವಳು ತನ್ನ ಬಣ್ಣದ ಫೈಲು ತೆರೆದು ಹೊಸ ಕಾಲಂ ಒಂದನ್ನು ಸೇರಿಸಿದಳು: 'ಪರೀಕ್ಷೆಯ ದಿನ ನೆಗಡಿ ಇತ್ತೇ?' ಒಂದೊಂದೇ ಮಗುವಿನ ಮುಂದೆ ಹೌದು, ಇಲ್ಲ ಎಂದು ಬರೆಯುತ್ತ ಹೋದಳು. ಯಾವ ಕಾಲಂ ಏನು ಹೇಳುತ್ತದೆಂದು ಬೇರೆ ಹಾಳೆಯಲ್ಲಿ ವಿವರಿಸಿದಳು. ಮೊದಲ ಫೈಲಿನ ತಪ್ಪು ಯಾರದು ಎಂಬುದನ್ನು ಕೊನೆಯಲ್ಲಿ ತನ್ನ ಹೆಸರು ಸಮೇತ ಬರೆದು ಕಳಿಸಿದಳು.

ಸ್ವಲ್ಪ ಹೊತ್ತಿಗೆ ಉತ್ತರ ಬಂತು. "ತಲುಪಿತು," ಎಂದಷ್ಟೇ ಇತ್ತು. ಇಷ್ಟು ದಿನ ಪ್ರತಿ ಸಾಲಿಗೂ ಬರುತ್ತಿದ್ದ 'ಮೇಡಂ' ಅದರಲ್ಲಿ ಇರಲಿಲ್ಲ.