ಅಳಿಸು ಎಂಬ ಗುಂಡಿ

ಟಿಂಗ್, ಅದು ಲಿಫ್ಟು, ಊರವರ ಲಿಫ್ಟನ್ನೆಲ್ಲ ರಿಪೇರಿ ಮಾಡುವ ನಮ್ಮ ಆಫೀಸಿನ ಲಿಫ್ಟು ಮಾತ್ರ ಒಮ್ಮೆ ಗಡಗಡ ನಡುಗಿಯೇ ಬಾಗಿಲು ತೆರೆಯುವುದು, ಭಾವ ಬಂದರೇನೋ ಎಂದು ಕತ್ತೆತ್ತಿದೆ, ಅಲ್ಲ, ನೀರಿನ ಕ್ಯಾನಿನವನು — ಪರದೆಯ ಮೇಲೆ ಆ ಕೆಂಪು ಗುಂಡಿ ಹಾಗೇ ಕೂತಿದೆ, ಅಳಿಸು, ಅಂತೆ, ಅಳಿಸಿ ಅಲ್ಲ, ದಯವಿಟ್ಟು ಅಳಿಸಿ ಅಂತೂ ಅಲ್ಲವೇ ಅಲ್ಲ, ಇದನ್ನು ನಮ್ಮ ಭಾಷೆಗೆ ತಂದ ಪುಣ್ಯಾತ್ಮನಿಗೆ ದೊಡ್ಡವರು ಚಿಕ್ಕವರು ಅನ್ನುವುದೇ ಇಲ್ಲ, ನನ್ನನ್ನು ಹೋಗೇ ಬಾರೇ ಅನ್ನುವವಳು ಈ ಭೂಮಿಯ ಮೇಲೆ ಅಕ್ಕ ಒಬ್ಬಳು, ಅವಳೂ ಈಗ ಅನ್ನುವುದಿಲ್ಲ, ಗಂಟಲಿನ ಆಪರೇಷನ್ ಆದ ಮೇಲೆ ತುಟಿ ಆಡಿಸುತ್ತಾಳೆ, ಅರ್ಥವಾಗದಿದ್ದರೆ ಫೋನಿನಲ್ಲಿ ಬರೆದು ತೋರಿಸುತ್ತಾಳೆ. ಅಳಿಸು ಅಂದರೆ ಒರೆಸಿಹಾಕು, ಅಳಿಸು ಅಂದರೆ ಅಳುವ ಹಾಗೆ ಮಾಡು, ಎರಡಕ್ಕೂ ಒಂದೇ ಮಾತು ಇಟ್ಟವರು ಯಾರೋ, ಅವರಿಗೆ ಈ ಗುಂಡಿ ಗೊತ್ತಿತ್ತೇನೋ.

ಸಂಜೆಯೊಳಗೆ ಹೇಳ್ಬಿಡಿ ಮೇಡಂ, ಎರಡರಲ್ಲಿ ಯಾವ್ದು ಅಂತ, ಕಂಪನಿಯ ಯಜಮಾನರು ಬೆಳಿಗ್ಗೆಯೇ ಹೇಳಿ ಹೋದರು, ಆಗ ಭಾವನ ಫೋನು ಕಳೆದಿರಲಿಲ್ಲ, ಆಗ ಅದು ಬರೀ ಒಂದು ಆಯ್ಕೆ, ಆಫೀಸಿನ ಕಂಪ್ಯೂಟರುಗಳು, ಮೆಕ್ಯಾನಿಕ್ಕುಗಳ ಫೋನುಗಳು ಎಲ್ಲವನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ವೇದಿಕೆ ಬೇಕು — ವೇದಿಕೆ, ಆ ಪದ ಕೇಳಿದರೆ ನನಗೆ ಮೈಕು, ಪರದೆ, ಮುಗಿಯದ ಭಾಷಣವೇ ಕಣ್ಣಿಗೆ ಬರುತ್ತದೆ, ಇಲ್ಲಿ ಭಾಷಣ ಮಾಡುವವಳೂ ನಾನೇ, ಆಕಳಿಸುವವಳೂ ನಾನೇ. ಮೊದಲನೆಯದು ಫೋನನ್ನು ಪೂರ್ತಿ ತನ್ನ ಕೈಗೆ ತೆಗೆದುಕೊಳ್ಳುತ್ತದೆ, ಯಾರು ಎಲ್ಲಿದ್ದಾರೆಂದು ನಕ್ಷೆಯಲ್ಲಿ ಚುಕ್ಕಿ ಹಾಕಿ ತೋರಿಸುತ್ತದೆ, ಕಳೆದರೆ ಒಳಗಿದ್ದದ್ದನ್ನೆಲ್ಲ ಗುಡಿಸಿಹಾಕುತ್ತದೆ, ಯಜಮಾನರಿಗೆ ಆ ಚುಕ್ಕಿಗಳ ಮೇಲೆ ಬಲು ಪ್ರೀತಿ, ಮಗುವಿಗೆ ಬಲೂನು ಕೊಟ್ಟ ಹಾಗೆ. ಎರಡನೆಯದು ಫೋನಿನೊಳಗೆ ಕೆಲಸಕ್ಕೆಂದು ಒಂದು ಕೋಣೆ ಕಟ್ಟಿಕೊಂಡು ತನ್ನ ಪಾಡಿಗೆ ಇರುತ್ತದೆ, ಕಳೆದರೆ ಆ ಕೋಣೆಯನ್ನಷ್ಟೇ ಖಾಲಿ ಮಾಡುತ್ತದೆ, ಮನೆಯವರ ಫೋಟೋ ಮುಟ್ಟುವುದಿಲ್ಲ. ನೋಡಿ ತೀರ್ಮಾನಿಸೋಣವೆಂದು ಮೊದಲನೆಯದನ್ನು ಪರೀಕ್ಷೆಗೆ ಹಾಕಿದೆ, ನಮ್ ಸ್ವಂತ ಫೋನಿನ ಮೇಲೆ ನಿಮ್ದೇನ್ರೀ ಕಣ್ಣು ಎಂದು ಮೆಕ್ಯಾನಿಕ್ಕುಗಳೆಲ್ಲ ಮುಖ ತಿರುಗಿಸಿದರು, ಮುಂದೆ ಬಂದವರು ಭಾವ ಒಬ್ಬರೇ, ಅಕ್ಕನ ಗಂಡ, ಇಲ್ಲಿನ ಹಿರಿಯ ಮೆಕ್ಯಾನಿಕ್ಕು, ಜೊತೆಗೆ ನನ್ನ ಮಾನದ ಪ್ರಶ್ನೆ, ನಂದು ತಗೋಮ್ಮ, ಅದರಲ್ಲೇನಿದೆ ಮಹಾ. ಲಾಕು ಹಾಕಿ ಭಾವ ಅಂದರೆ ಬೆರಳು ತೋರಿಸಿದರು, ಗ್ರೀಸು ಹತ್ತಿ ಹತ್ತಿ ರೇಖೆಯೇ ಸವೆದ ಹೆಬ್ಬೆರಳು, ಫೋನು ಅದನ್ನು ಬೆರಳೆಂದು ಒಪ್ಪುವುದೇ ಇಲ್ಲ, ನಂಬರು ಒತ್ತುತ್ತ ಕೂತರೆ ಲಿಫ್ಟಿನೊಳಗೆ ಸಿಕ್ಕಿಕೊಂಡವರು ಅಳ್ತಾರಮ್ಮ, ಬಿಡು. ಬಿಟ್ಟೆ.

ಈಗ ಆ ಲಾಕಿಲ್ಲದ ಫೋನು ಎಲ್ಲೋ ಬಿದ್ದಿದೆ, ಆಸ್ಪತ್ರೆಯ ಪಕ್ಕದ ಎತ್ತರದ ಕಟ್ಟಡದ ಮೇಲೆ ಕೊನೆಯ ಚುಕ್ಕಿ, ಆಮೇಲೆ ಆರಿಹೋಗಿದೆ, ಒಳಗೆ ನಾವು ನೋಡಿಕೊಳ್ಳುವ ಎಲ್ಲ ಕಟ್ಟಡಗಳ ಮೇಲ್ಮಹಡಿಯ ಯಂತ್ರದ ಕೋಣೆಗಳ ಬಾಗಿಲು ತೆರೆಯುವ ಗುಟ್ಟಿನ ನಂಬರು, ಕೋಡು, ಯಜಮಾನರು ನನ್ನ ಮೇಜಿನ ಪಕ್ಕ ನಿಂತು ಬೆವರುತ್ತಿದ್ದಾರೆ, ಒತ್ತಿಬಿಡಿ ಮೇಡಂ, ಇನ್ನೇನ್ ಯೋಚ್ನೆ, ಯಾವನೋ ತಲೆಕೆಟ್ಟವನು ಮೇಲೆ ಹತ್ತಿ ಏನಾದ್ರೂ ಎಡವಟ್ಟು ಮಾಡಿದ್ರೆ ಜೈಲಿಗೆ ಹೋಗೋನು ನಾನು. ಅವರ ಮಾತೂ ಸರಿಯೇ, ಆಸ್ಪತ್ರೆಯ ಲಿಫ್ಟೂ ಅದರಲ್ಲಿದೆ, ಸ್ಟ್ರೆಚರು ಹೋಗುವ ಲಿಫ್ಟು — ಆದರೆ ಅದೇ ಫೋನಿನಲ್ಲಿ ಅಕ್ಕನ ದನಿಯಿದೆ, ಇಡೀ ಜಗತ್ತಿನಲ್ಲಿ ಅಲ್ಲಿ ಮಾತ್ರ ಇದೆ, ಭಾವನಿಗೆ ವರ್ಷಗಟ್ಟಲೆ ಮೆಸೇಜಿನಲ್ಲಿ ಮಾತಾಡಿ ಕಳಿಸಿದ ಬೈಗುಳ, ಹಾಲು ತರೋದು ಮರೆತ್ರೆ ಮನೆಗೇ ಬರ್ಬೇಡಿ, ಎಲ್ರೀ ಇದ್ದೀರಾ, ಲಿಫ್ಟಲ್ಲಿ ನೀವೇ ಸಿಕ್ಕಾಕೊಂಡ್ರಾ ಹೆಂಗೆ, ಕೊನೆಯಲ್ಲಿ ಆ ನಗು, ಬೀಗ ಜಡಿದ ಪೆಟ್ಟಿಗೆಯ ಮುಚ್ಚಳ ಕಿತ್ತುಬಂದ ಹಾಗೆ ಫಕ್ಕನೆ ಒಡೆಯುವ ನಗು, ನನಗೂ ಅದು ಬೇಕು, ಸುಳ್ಳೇಕೆ ಹೇಳಲಿ, ಯಾರ ಸಲುವಾಗಿಯೂ ಅಲ್ಲ, ನನಗೇ ಬೇಕು. ಅಕ್ಕನ ಫೋನಿನಲ್ಲಾದರೂ ಇರುತ್ತಿತ್ತು, ಆಸ್ಪತ್ರೆಯಿಂದ ಬಂದವಳೇ ಎಲ್ಲ ತೆಗೆದುಹಾಕಿದಳು, ಜಾಗ ಸಾಲದು ಕಣೆ ಎಂದು ಬರೆದು ತೋರಿಸಿದಳು, ನಾನು ನಂಬಿದೆ. ಬೇರೆ ಕಡೆ ಒಂದು ಪ್ರತಿ ಇಟ್ಕೊಳ್ಳಿ ಎಂದು ಭಾವನಿಗೆ ಬಡಕೊಂಡಿದ್ದೆ, ಕೇಳಿದರೆ ತಾನೆ, ಈಗ ಆ ಕಟ್ಟಡದ ಕಾವಲುಗಾರನ ಫೋನಿನಿಂದ ಕರೆ ಮಾಡಿದ್ದಾರೆ, ಏದುಸಿರು, ಹುಡುಕಿಕೊಂಡು ಮೆಟ್ಟಿಲು ಹತ್ತುತ್ತಲೇ ಮಾತಾಡುತ್ತಿದ್ದಾರೆ, ಒತ್ತಬೇಡ ಕಣಮ್ಮ, ನಿನಗೆ ಕೈ ಮುಗೀತೀನಿ, ಅದರಲ್ಲಿ ಅವಳಿದ್ದಾಳೆ. ಲೈನು ಕಡಿಯಿತು.

ಅಕ್ಕನಿಗೆ ಬರೆದೆ, ಭಾವನ ಫೋನ್ ಕಳೆದಿದೆ, ನಿನ್ನ ದನಿ ಅದರಲ್ಲೇ ಇದೆ, ಎಲ್ಲ ಅಳಿಸಬೇಕಂತೆ, ಏನು ಮಾಡಲಿ ಹೇಳೇ — ಬೇಡ ಅನ್ನುತ್ತಾಳೆ, ಅಳುತ್ತಾಳೆ, ಆಗ ಯಜಮಾನರ ಎದುರು ಎದ್ದು ನಿಂತು ಇಲ್ಲ ಅಂದುಬಿಡಬಹುದು, ಅದಕ್ಕೇ ಕೇಳಿದ್ದು, ಧೈರ್ಯ ಸಾಲ ತರುವುದಕ್ಕೆ. ಬಂತು ಉತ್ತರ, ಒಂದೇ ಪದ, ಅಳಿಸು. ಗುಂಡಿಯಲ್ಲಿರುವುದೇ, ಅದೇ ಅಕ್ಷರ, ಒಂದು ಕ್ಷಣ ಯಾವುದನ್ನು ಓದುತ್ತಿದ್ದೇನೆಂದೇ ತಿಳಿಯಲಿಲ್ಲ, ಆಮೇಲೆ ಇನ್ನೊಂದು, ದಿನಾ ಊಟ ಆದ್ಮೇಲೆ ಅದನ್ನ ಕಿವಿಗೆ ಸಿಗಿಸ್ಕೊಂಡು ಅವಳ ಜೊತೆ ಕೂತಿರ್ತಾರೆ, ನಗ್ತಾರೆ, ನಾನು ಪಕ್ಕದಲ್ಲೇ ಇರ್ತೀನಿ ಕಣೆ. ಅವಳ ಜೊತೆ, ಅಂತೆ, ತನ್ನನ್ನೇ ಅವಳು ಎಂದು ಬರೆದಿದ್ದಾಳೆ, ಸವತಿಯನ್ನು ಅನ್ನುವ ಹಾಗೆ, ಅಯ್ಯೋ ಅಕ್ಕಾ, ನಾವೆಲ್ಲ ಭಾವನನ್ನು ಹೊಗಳಿದ್ದೇ ಹೊಗಳಿದ್ದು, ಎಂಥ ಪ್ರೀತಿ ನೋಡು, ಇನ್ನೂ ಅವಳ ದನಿ ಕೇಳುತ್ತಾರೆ, ನಿನ್ನ ಎದುರಿಗೇ ಹೊಗಳಿದೆವಲ್ಲೇ, ನೀನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಮತ್ತೊಂದು ಬಂತು, ನಾನು ಹೇಳಿದೆ ಅಂತ ಹೇಳ್ಬೇಡ. ಅಂದರೆ ಒತ್ತಿದವಳು ನಾನು, ಸಾಯುವ ತನಕ ನಾನು, ಮೇಡಂ ಏನಾಯ್ತು ಎಂದರು ಯಜಮಾನರು, ಏನಿಲ್ಲ ಸರ್ ಅಂದೆ, ಒತ್ತಿದೆ. ಗುಂಡಿ ಬೂದು ಬಣ್ಣಕ್ಕೆ ತಿರುಗಿತು, ಕೆಳಗೆ ಸಣ್ಣಕ್ಷರದಲ್ಲಿ, ಫೋನು ಆನ್ ಆಗುವುದನ್ನು ಕಾಯುತ್ತಿದೆ, ಅದರ ಪಕ್ಕದಲ್ಲಿ ಇನ್ನೊಂದು, ರದ್ದುಮಾಡು. ಯಜಮಾನರು ಕರವಸ್ತ್ರದಿಂದ ಕತ್ತು ಒರೆಸಿಕೊಂಡು ಕಾಫಿ ಹೇಳಲು ಹೋದರು.

ಮತ್ತೆ ಕಾವಲುಗಾರನ ನಂಬರು, ಸಿಕ್ತು ಕಣಮ್ಮ, ಸಿಕ್ತು, ಯಂತ್ರದ ಕೋಣೆಯಲ್ಲೇ ಮೋಟಾರಿನ ಹಿಂದೆ ಬಿದ್ದಿತ್ತು, ಯಾರೂ ಮುಟ್ಟಿಲ್ಲ, ಬಾಗಿಲು ನಾನೇ ಹಾಕ್ಕೊಂಡು ಬಂದಿದ್ದೆ, ಬ್ಯಾಟರಿ ಸತ್ತಿದೆ ಅಷ್ಟೆ, ಒತ್ತಿಲ್ಲ ತಾನೆ ನೀನು, ಒತ್ತಿಲ್ಲ ತಾನೆ, ಇವರ ಚಾರ್ಜರ್ ಇದೆ, ಹಾಕ್ತೀನಿ ತಡಿ — ಹಾಕಬೇಡಿ ಭಾವ, ನನ್ನ ದನಿ ನನಗೇ ಜೋರಾಗಿ ಕೇಳಿತು, ಹಾಕಬೇಡಿ. ಯಾಕೆ. ಯಾಕೆ ಅಂದರೆ ಏನು ಹೇಳಲಿ, ಆಫೀಸಿನ ಕೆಲಸ ಮುಗಿಯಿತು, ಕೋಡು ಯಾರ ಕೈಗೂ ಹೋಗಿಲ್ಲ, ಈಗ ರದ್ದು ಮಾಡಿದರೆ ಭಾವನ ಪರ, ಸುಮ್ಮನಿದ್ದರೆ ಅಕ್ಕನ ಪರ, ಗಂಡ ಹೆಂಡಿರ ನಡುವೆ ಇಲಿ ಹಿಡಿದುಕೊಂಡು ಕೂತವಳು ನಾನು, ಕಂಪ್ಯೂಟರಿನ ಇಲಿ, ನಗಬೇಕೋ ಅಳಬೇಕೋ. ಇದನ್ನೇ ಅಲ್ಲವೇ ನಾನು ಬೇಡ ಅಂದುಕೊಂಡಿದ್ದು, ಆ ಮೊದಲನೆಯ ವೇದಿಕೆಯಲ್ಲಿ ಇಷ್ಟು ದಿನ ನನಗೆ ಹಿಡಿಸದೇ ಇದ್ದದ್ದು, ಆಫೀಸಿನ ಕೈ ಮನೆಯೊಳಕ್ಕೆ ಬರುವುದು, ಯಾರದೋ ಮಂಚದ ಪಕ್ಕದ ತನಕ. ಸರ್, ಎರಡನೆಯದೇ ಇರಲಿ, ಕಾಫಿ ಹಿಡಿದು ಬಂದ ಯಜಮಾನರಿಗೆ ಹೇಳಿಯೇಬಿಟ್ಟೆ, ಚುಕ್ಕಿ ಕಾಣಲ್ವಲ್ಲ ಮೇಡಂ ಅದರಲ್ಲಿ, ಕಾಣೋದು ಬೇಡ ಸರ್, ಫೋನ್ ಸಿಕ್ಕಿದೆ. ಆಮೇಲೆ ಭಾವನಿಗೆ, ಆನ್ ಮಾಡಬೇಡಿ, ಹಾಗೇ ಮನೆಗೆ ತಗೊಂಡು ಹೋಗಿ, ಅಕ್ಕನ ಕೈಗೆ ಕೊಡಿ, ಅವಳೇ ಮಾಡಲಿ. ಅವಳ್ಯಾಕೆ. ಅವಳ ದನಿ ಭಾವ, ಅವಳನ್ನೇ ಕೇಳಿ. ಆ ಕಡೆ ಯಂತ್ರದ ಕೋಣೆಯ ಬಾಗಿಲು ಎಳೆದುಕೊಂಡ ಸದ್ದು, ಮೆಟ್ಟಿಲಿಳಿಯುವ ಹೆಜ್ಜೆ.

ಅಕ್ಕನಿಗೆ ಬರೆದೆ, ಸಿಕ್ಕಿದೆ, ಭಾವ ತರುತ್ತಿದ್ದಾರೆ, ಆನ್ ಮಾಡಿದರೆ ಎಲ್ಲ ಹೋಗುತ್ತದೆ, ಅಳಿಸುವುದು ಬೇಡವೆನಿಸಿದರೆ ಮೊದಲೇ ಹೇಳು, ಇಲ್ಲಿ ರದ್ದು ಮಾಡುತ್ತೇನೆ, ಅವರಿಗೆ ನೀನೇ ಹೇಳು ಅಕ್ಕ, ನನ್ನ ಕೈಲಿ ಆಗುವುದಿಲ್ಲ. ಓದಿದಳು, ಗುರುತು ಬಂತು. ಮೌಸಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡೆ, ಕಾಫಿ ಆರುತ್ತಿದೆ, ಈಗ ಬಸ್ಸು ಇಳಿದಿರುತ್ತಾರೆ, ಈಗ ಚಪ್ಪಲಿ ಬಿಟ್ಟಿರುತ್ತಾರೆ, ಈಗ ಕೊಟ್ಟಿರುತ್ತಾರೆ, ಅಕ್ಕನ ಮಡಿಲಲ್ಲಿ ಕಪ್ಪು ಫೋನು, ಭಾವನ ಕಿವಿ ಖಾಲಿ, ಅವಳು ಏನೋ ಹೇಳುತ್ತಿದ್ದಾಳೆ, ಅವರು ಬಗ್ಗಿ ಅವಳ ತುಟಿ ನೋಡುತ್ತಿದ್ದಾರೆ, ಅರ್ಥವಾಗುತ್ತಿಲ್ಲ, ಇನ್ನೊಂದ್ಸಲ ಹೇಳು ಅನ್ನುತ್ತಿದ್ದಾರೆ, ಅವಳು ಇನ್ನೊಂದು ಸಲ ಹೇಳುತ್ತಿದ್ದಾಳೆ, ಅವರು ಅವಳ ತುಟಿ ನೋಡುತ್ತಿದ್ದಾರೆ, ತುಟಿಯನ್ನೇ ನೋಡುತ್ತಿದ್ದಾರೆ