ನಕಾಶೆಯಲ್ಲಿ ಬರೆಯದ ಜಾಗ

ಅಡಿವೆವ್ವ ತೀರಿಕೊಂಡ ಸುದ್ದಿ ರೋಣಕ್ಕೆ ಮುಟ್ಟಿದ್ದು ಶುಕ್ರವಾರ ಬೆಳಿಗ್ಗೆ. ಪ್ರಹ್ಲಾದರಾಯರು ದೇವರ ಮುಂದೆ ಕುಳಿತು ಗಂಧ ತೇಯುತ್ತಿದ್ದರು. ಫೋನು ಎತ್ತಿದ ಹೆಂಡತಿ ವೆಂಕೂಬಾಯಿ ಎರಡು ಮಾತು ಕೇಳಿದವರೇ ಅದನ್ನು ಗಂಡನ ಕೈಗೆ ಕೊಟ್ಟರು.

"ರಾಯರ, ಅವ್ವ ಹೋದ್ಳರಿ," ಎಂದ ಅಡಿವೆವ್ವನ ಮಗ ದುರ್ಗೇಶ. "ನಸಿಕಿನ್ಯಾಗ ನೀರು ಕೇಳಿದ್ಳು. ತಂದು ಕೊಡೂದ್ರಾಗ ಉಸರು ಇರಲಿಲ್ಲ. ಅಕ್ಕ ಕೊಣ್ಣೂರಿಂದ ಬರಬೇಕು, ಆಕಿ ಬಂದ ಮ್ಯಾಲೆ ಮಣ್ಣು. ನೀವು ಲಗೂ ಬರ್ರಿ."

ರಾಯರು ಜೀವಮಾನದಲ್ಲಿ ಪೂಜೆಯನ್ನು ಅರ್ಧಕ್ಕೆ ಬಿಟ್ಟವರಲ್ಲ. ಅಂದು ಬಿಟ್ಟು ಎದ್ದರು.

"ಏನರ ಒಂದು ತುತ್ತು ತಿಂದು ಹೋಗ್ರಿ," ಎಂದರು ವೆಂಕೂಬಾಯಿ.

"ಬ್ಯಾಡ. ಇಷ್ಟು ವರ್ಷದಾಗ ಅಕಿ ನನ್ನನ್ನ ಒಂದು ದಿನಾ ಹಸಿದು ಕಳಿಸಿಲ್ಲ. ಇವತ್ತೊಂದಿನ ಹಸಿದಿರತೀನಿ."

ಗಜೇಂದ್ರಗಡದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತರು. ಗುಡ್ಡದ ಸಾಲು ಕಾಣತೊಡಗಿದಾಗ ಕಣ್ಣು ಮಂಜಾಯಿತು.

ಇಪ್ಪತ್ತೆರಡು ವರ್ಷದ ಹಿಂದೆ ರಾಯರು ಒಂದು ಕಾಗದದ ಕಂಪನಿಯಲ್ಲಿ ಗಿಡ ನೆಡಿಸುವ ಅಧಿಕಾರಿಯಾಗಿದ್ದರು. ಕಾಗದಕ್ಕೆ ಬೇಕಾದ ನೀಲಗಿರಿ ಬೆಳೆಸಲು ಕಂಪನಿ ಆ ಗುಡ್ಡದ ಒಂದು ಇಳಿಜಾರನ್ನು ಗುತ್ತಿಗೆಗೆ ಹಿಡಿದಿತ್ತು. ಇಳಿಜಾರಿನ ಕೆಳಗೆ ನಾಯಕರ ಓಣಿ. ಗುಡ್ಡದ ಹಣ್ಣು, ಹುಲ್ಲು, ಸೌದೆ, ಜೇನು ನಂಬಿ ಅಜ್ಜ ಮುತ್ತಜ್ಜರ ಕಾಲದಿಂದ ಬದುಕಿದ ನಲವತ್ತು ಮನೆಗಳು. ಅವರ ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ. ಸರಕಾರದ ಕಾಗದದಲ್ಲಿ ಅದು ಬರಡು ಭೂಮಿ.

ರಾಯರು ಆಳು ಹಚ್ಚಿ ಬೋರೆಯ ಮುಳ್ಳುಕಂಟಿ ಕಡಿಸಿದರು, ಹಗ್ಗ ಹಿಡಿದು ಸಾಲಾಗಿ ಕುಣಿ ತೋಡಿಸಿದರು. ಮೂರನೆಯ ದಿನ ಬಂದು ನೋಡಿದರೆ ಒಂದೊಂದು ಕುಣಿಯಲ್ಲಿ ಒಬ್ಬೊಬ್ಬ ಹೆಂಗಸು ಇಳಿದು ಕುಳಿತಿದ್ದಳು. ಕೂಗಿಲ್ಲ, ಬೈಗುಳವಿಲ್ಲ. ಕೂಲಿ ಹೆಚ್ಚು ಕೇಳುತ್ತಿದ್ದಾರೆಂದು ರಾಯರು ತಿಳಿದರು. ಕೂಲಿ ಹೆಚ್ಚಿಸುತ್ತೇನೆಂದರು. ಯಾರೂ ತಲೆ ಎತ್ತಲಿಲ್ಲ.

ಮರುದಿನ ಮೇಸ್ತ್ರಿಯನ್ನು ಬಿಟ್ಟು ಒಬ್ಬರೇ ಹೋದರು. ಆಗ ಒಬ್ಬಾಕೆ ಕುಣಿಯಿಂದೆದ್ದು, "ಚಪ್ಪಲಿ ಕಳದು ಬರ್ರಿ, ಹೇಳ್ತೀನಿ," ಎಂದಳು. ಅವಳೇ ಅಡಿವೆವ್ವ.

"ನಮ್ಮ ಎಳೀ ಕೂಸುಗೋಳು ಇಲ್ಲೆ ಮಲಗ್ಯಾವರಿ. ಹಲ್ಲು ಬರೂದ್ರಾಗ ಹೋದವು. ನರಿ ಕೆದರಬಾರ್ದಂತ ಮುಳ್ಳು ಬೆಳಿಸಿದ್ವಿ. ನೀವು ಕಡಿಸಿದ್ರಿ. ನನ್ನವೂ ಎರಡು ಅದಾವು."

ರಾಯರು ಆಳುಗಳನ್ನು ಕರೆಸಿದರು. ಅಂದೇ ಕುಣಿಗಳನ್ನು ಮುಚ್ಚಿಸಿದರು. ಆದರೆ ಅಷ್ಟಕ್ಕೆ ಸುಮ್ಮನಾಗದೆ, ಪ್ರಾಯಶ್ಚಿತ್ತವೆಂದು ಒಂದು ಗಾಡಿ ಕಲ್ಲು ತರಿಸಿದರು. ಕಟ್ಟೆ ಕಟ್ಟಿಸಿ, ಕೂಸುಗಳ ಹೆಸರು ಕೆತ್ತಿಸುವುದು ಅವರ ಯೋಚನೆ. ಕಲ್ಲು ನೋಡಿ ಅಡಿವೆವ್ವ ಸೆರಗು ಬಾಯಿಗಿಟ್ಟು ನಕ್ಕಳು.

"ರಾಯರ, ನೀವು ಭಾಳ ಶಾಣ್ಯಾರು, ಆದ್ರ ಹಡದವರಲ್ಲ. ಕಲ್ಲಿಟ್ರ ತಾಯಿಗೆ ತನ್ನ ಕೂಸು ಎಲ್ಲೈತಿ ಅಂತ ಗೊತ್ತಾಕ್ಕೈತಿ. ಗೊತ್ತಾದ್ರ ಆಕಿ ಅಲ್ಲಿಂದ ಏಳೂದಿಲ್ಲ. ಗುರುತು ಇಲ್ಲಂದ್ರ ಎಲ್ಲಾ ಕೂಸೂ ಎಲ್ಲಾರವೂ ಅಕ್ಕಾವು. ನಿಮ್ಮ ನಕಾಶಿಯಾಗೂ ಬರೀಬ್ಯಾಡ್ರಿ. ಮಾತು ಕೊಡ್ರಿ."

ರಾಯರು ಕೊಟ್ಟರು. ನೀಲಗಿರಿಯ ಸಾಲನ್ನು ದೂರಕ್ಕೆ ತಿರುಗಿಸಿದರು. ಭೂಮಿ ಯಾಕೆ ಖಾಲಿ ಬಿಟ್ಟಿರೆಂದು ಮೇಲಿನವರು ಕೇಳಿದಾಗ ಕಾರಣ ಹೇಳದೆ ಬೈಸಿಕೊಂಡರು.

ಕಂಪನಿಗೂ ಓಣಿಗೂ ನಂಟು ಬೆಳೆದದ್ದು ಅಲ್ಲಿಂದ. ಪ್ರತಿ ವರ್ಷ ರೋಹಿಣಿ ಮಳೆಗೆ ಮೊದಲು ರಾಯರು ಬರಿಗಾಲಲ್ಲಿ ಹೆಂಗಸರ ಹಿಂದೆ ಗುಡ್ಡ ಸುತ್ತುತ್ತಿದ್ದರು. ನೀರು ಎಲ್ಲಿ ಹರಿಯುತ್ತದೆ, ಯಾವ ಗಿಡದಲ್ಲಿ ಜೇನು ಕಟ್ಟುತ್ತದೆ, ಎಲ್ಲಿ ದಿಂಡಲ ಮರ ತಾನೇ ಚಿಗುರುತ್ತದೆ ಎಂದು ಅಡಿವೆವ್ವ ತೋರಿಸುತ್ತಿದ್ದಳು. ಅವಳು ಬೇಡ ಎಂದ ಕಡೆ ಕುಣಿ ಇಲ್ಲ. ಸಸಿ ಬೆಳೆಸುವ ಕೆಲಸವನ್ನೂ ಓಣಿಯ ಹೆಂಗಸರೇ ಹಿಡಿದರು. ಬೇರೆ ಗುಡ್ಡದಲ್ಲಿ ನೂರಕ್ಕೆ ನಲವತ್ತು ಸಸಿ ಒಣಗಿದರೆ ಇಲ್ಲಿ ಹತ್ತೂ ಒಣಗುತ್ತಿರಲಿಲ್ಲ. ಓದು ಬಾರದ ಆ ಹೆಂಗಸು ತನಗೆಂದು ಒಂದು ದಿನವೂ ಏನನ್ನೂ ಬೇಡಲಿಲ್ಲ. ಶಾಸ್ತ್ರ ಓದಿದ ತಾನು ಧರ್ಮದ ಮೊದಲ ಪಾಠ ಕಲಿತದ್ದು ಅವಳ ಹತ್ತಿರ ಎಂದು ರಾಯರು ವೆಂಕೂಬಾಯಿಯ ಮುಂದೆ ಎಷ್ಟೋ ಸಲ ಹೇಳಿದ್ದರು.

ರಾಯರು ಬಸ್ಸಿಳಿದು ಓಣಿ ಮುಟ್ಟಿದಾಗ ಅಡಿವೆವ್ವನನ್ನು ಬಾಗಿಲ ಮುಂದೆ ಕುರ್ಚಿಯಲ್ಲಿ ಕೂಡಿಸಿ, ಹಣೆಗೆ ವಿಭೂತಿ ಬಳಿದಿದ್ದರು. ಭಜನೆಯವರು ತಾಳ ಹಾಕುತ್ತಿದ್ದರು. ರಾಯರು ಅವಳ ಕಾಲಿಗೆ ಹಣೆ ಹಚ್ಚಿದರು.

ರಾಯರು ನಿವೃತ್ತರಾದ ಮೇಲೆ ಕಂಪನಿಗೆ ಬಂದ ಹೊಸ ಅಧಿಕಾರಿ ಗೌತಮಿಯೂ ಹೂವಿನ ಹಾರ ಹಿಡಿದು ಬಂದಿದ್ದಳು. ನರಗುಂದದ ಹುಡುಗಿ; ಶಿರಸಿಯಲ್ಲಿ ಅರಣ್ಯಶಾಸ್ತ್ರ ಓದಿ, ಎರಡು ತಿಂಗಳ ಹಿಂದೆ ಕೆಲಸಕ್ಕೆ ಸೇರಿದವಳು. ಹಾರ ಹಾಕಿ ರಾಯರ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಅಜ್ಜಿನ್ನ ಒಮ್ಮಿ ಮಾತಾಡಸ್ಬೇಕಂತಿದ್ದೆ ಸರ್, ಆಗಲಿಲ್ಲ. ಸೋಮವಾರ ಯಂತ್ರ ಬರತೈತಿ. ಹಳೇ ನೀಲಗಿರಿ ಬೊಡ್ಡಿ ಕಿತ್ತು ಇಳಿಜಾರಿಗೆಲ್ಲಾ ಹೊಸಾ ಸಸಿ. ನಡುವ ಖಾಲಿ ಇದ್ದ ಜಾಗಾನೂ ಹಿಡಿದೀವಿ. ನಕಾಶಿಯಾಗ ಅಲ್ಲೇನೂ ಇಲ್ಲಲ್ಲ?"

ರಾಯರು ಕುರ್ಚಿಯ ಕಡೆ ನೋಡಿದರು. ನಕಾಶೆಯಲ್ಲಿ ಏನೂ ಇಲ್ಲದಂತೆ ಮಾಡಿದವರು ತಾವೇ. ಬಾಯಿ ಬಿಟ್ಟರೆ ಕೊಟ್ಟ ಮಾತು ಹೋಗುತ್ತದೆ, ಬಿಡದಿದ್ದರೆ ಕೂಸುಗಳ ಮೇಲೆ ಯಂತ್ರ ಹಾಯುತ್ತದೆ. ಮಾತು ಪಡೆದವಳು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದಾಳೆ.

ದುರ್ಗೇಶನನ್ನೂ ಅವನ ಹೆಂಡತಿ ಅನ್ನಪೂರ್ಣಾಳನ್ನೂ ಹಿತ್ತಲಿಗೆ ಕರೆದು ಎಲ್ಲವನ್ನೂ ಹೇಳಿದರು. "ಮಾತು ನಿಮ್ಮ ಓಣಿ ಹೆಣ್ಣುಮಕ್ಕಳದು. ನೀವು ಬಿಟ್ಟರ ಹೇಳ್ತೀನಿ, ಇಲ್ಲಂದ್ರ ಇಲ್ಲ."

ಅನ್ನಪೂರ್ಣಾ ಒಳಗೆ ಹೋಗಿ ನಾಲ್ಕಾರು ಹಿರಿಯ ಹೆಂಗಸರ ಕೂಡ ಮಾತಾಡಿ ಬಂದಳು. "ನೀವು ಹೇಳೂದು ಬ್ಯಾಡ್ರಿ. ಅತ್ತಿ ನಿಮ್ಮನ್ನ ಹ್ಯಾಂಗ ಕರಕೊಂಡು ಹೋದ್ಳೋ ಹಂಗ ಈ ಹುಡುಗಿನ್ನೂ ಕರಕೊಂಡು ಹೋಕ್ಕೀವಿ. ಕೊಣ್ಣೂರಿನ ಬಸ್ಸು ಬರಾಕ ಇನ್ನಾ ಹೊತ್ತೈತಿ."

"ಮೇಡಮ್ಮರ ಬೂಟು ಭಾಳ ಗಟ್ಟಿ ಅದಾವು, ಕಳೀತಾರಂತೀಯೇನು?" ಎಂದ ದುರ್ಗೇಶ, ದುಃಖದಲ್ಲೂ ತುಸು ನಕ್ಕು.

ಅನ್ನಪೂರ್ಣಾ ಹೋಗಿ ಕರೆದಾಗ ಗೌತಮಿ ಯಾಕೆಂದು ಕೇಳದೆ ಬೂಟು ಕಳಚಿದಳು. ಏಳು ಹೆಂಗಸರು ಮುಂದೆ, ಅವಳು ಹಿಂದೆ, ಎಲ್ಲರಿಗಿಂತ ಹಿಂದೆ ರಾಯರು. ಅರ್ಧ ದಾರಿಗೆ ಅವಳ ಅಂಗಾಲಿಗೆ ಮುಳ್ಳು ಮುರಿಯಿತು. ಅನ್ನಪೂರ್ಣಾ ಕುಳಿತು ಪಿನ್ನಿನಿಂದ ಅದನ್ನು ತೆಗೆದಳು.

"ಅಳಬ್ಯಾಡವಾ, ಮುಳ್ಳು ಮುರದಾಗ ಮುಪ್ಪಿನ ರಾಯರೂ ಅಳಲಿಲ್ಲ."

"ಅತ್ತೀನಿ, ಆದ್ರ ಒಳಗ," ಎಂದರು ರಾಯರು.

ಖಾಲಿ ಜಾಗ ಬಂತು. ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಂಡರು. ಬೋರೆಕಂಟಿಗಳ ಅಂಚು ಹಿಡಿದು ಸುತ್ತಿ ನಡೆದರು; ಒಬ್ಬಳೂ ಒಳಗೆ ಹೆಜ್ಜೆ ಇಡಲಿಲ್ಲ. ಗೌತಮಿ ರೂಢಿಯಂತೆ ಫೋನು ತೆಗೆದು ಜಾಗದ ಗುರುತು ಹಾಕಲು ಹೊರಟಳು. ಅನ್ನಪೂರ್ಣಾ ಅವಳ ಕೈ ಹಿಡಿದು ಕಿವಿಯಲ್ಲಿ ಎರಡು ಮಾತು ಹೇಳಿದಳು. ಹುಡುಗಿ ಫೋನು ಒಳಗಿಟ್ಟು ಬಹಳ ಹೊತ್ತು ಕೈಮುಗಿದು ನಿಂತಳು.

ಇಳಿಯುವಾಗ ತಾನಾಗಿಯೇ ಮಾತೆತ್ತಿದಳು. "ಸೋಮವಾರ ಯಂತ್ರ ಬರೂದಿಲ್ಲ, ಅದು ನನ್ನ ಕೈಯಾಗ ಐತಿ. ಆದ್ರ ನಾಳೆ ನನ್ನ ಬದಲಿ ಮತ್ತೊಬ್ರು ಬಂದ್ರ? ಜಾಗಾ ನಾ ಬರಿಯೂದಿಲ್ಲರಿ. ಇಡೀ ಇಳಿಜಾರಿಗೆ ಒಂದ ಸಾಲು ಬರೀತೀನಿ: ಓಣಿ ಹೆಣ್ಣುಮಕ್ಕಳು ಮುಂದ ನಡದು ತೋರಸದ ಹೊರತು ಇಲ್ಲಿ ಯಾರೂ ಕುಣಿ ತೋಡಬಾರ್ದು, ಯಂತ್ರ ಹತ್ತಸಬಾರ್ದು. ಗುತ್ತಿಗಿ ಪತ್ರದಾಗ ಅದು ಬರೂ ಮಟಾ ಮ್ಯಾಲಿನವರ ಕೂಡ ಜಗಳಾ ಮಾಡ್ತೀನಿ."

"ಜಗಳಾ ಬರತೈತೇನವಾ ನಿನಗ?" ಎಂದಳು ಅನ್ನಪೂರ್ಣಾ.

"ಬಂಡಾಯದ ನರಗುಂದದಾಕಿ ಅದೀನ್ರಿ."

ಹೆಂಗಸರು ನಕ್ಕರು. ರಾಯರು ನಡೆಯುವುದನ್ನು ನಿಲ್ಲಿಸಿ ಆ ಹುಡುಗಿಯನ್ನೇ ನೋಡಿದರು. ಇಪ್ಪತ್ತೆರಡು ವರ್ಷ ತಾವು ಬಾಯಿ ಮುಚ್ಚಿ ಕಾದದ್ದನ್ನು ಇವಳು ಬಾಯಿ ಬಿಟ್ಟು ಕಾಯುವ ದಾರಿ ಕಂಡುಕೊಂಡಿದ್ದಳು. ತಮಗೆ ಅದು ಹೊಳೆದಿರಲಿಲ್ಲ.

ಮಧ್ಯಾಹ್ನ ಕೊಣ್ಣೂರಿನಿಂದ ಅಡಿವೆವ್ವನ ಮಗಳು ಬಂದಳು. ಅವ್ವನ ತೊಡೆಯ ಮೇಲೆ ಬಿದ್ದು ಅತ್ತಳು. ಹೊತ್ತು ಇಳಿಯುವ ಮೊದಲು ಓಣಿಯ ಹಿರಿಯರನ್ನು ಇಡುವ ನೆಲದಲ್ಲಿ ಅಡಿವೆವ್ವನನ್ನು ಇಟ್ಟರು. ಮಗ, ಮಗಳು, ಸೊಸೆ ಮಣ್ಣು ಕೊಟ್ಟ ಮೇಲೆ ದುರ್ಗೇಶ ರಾಯರ ಕೈ ಹಿಡಿದು ಮುಂದೆ ತಂದ. ರಾಯರು ಮೂರು ಹಿಡಿ ಮಣ್ಣು ಹಾಕಿ ಅಲ್ಲೇ ಕೈ ಜೋಡಿಸಿದರು.

"ಶ್ರೀಹರಿಯೇ, ಈ ತಾಯಿ ತಾನು ಹಡೆಯದ ಕೂಸುಗಳನ್ನೂ ತನ್ನವೆಂದು ಕಾದಳು, ತಪ್ಪು ಮಾಡಿ ಬಂದ ನನ್ನನ್ನು ಅಟ್ಟದೆ ಜೊತೆಗೆ ನಡೆಸಿದಳು. ಅವಳ ದಣಿವು ಆರಲಿ. ಅವಳನ್ನು ನಿನ್ನ ಪಾದದಲ್ಲಿ ಇಟ್ಟುಕೋ. ಅವಳ ಆತ್ಮಕ್ಕೆ ಶಾಂತಿ ಕೊಡು ತಂದೆ."